ವೀಲರ್ ಹೇಳಿದ್ದರಲ್ಲಿ ಯಾವುದನ್ನು ನಂಬೋಣ?

(ಚಿತ್ರದುರ್ಗದ ನಿವೃತ್ತ ಮೇಷ್ಟ್ರೊಬ್ಬರು ಬರೆದ ಪತ್ರದ ಸಾರ: ಕಳೆದ ಸಂಚಿಕೆಯ ಬ್ರಹ್ಮಗಿರಿ ಲೇಖನದಲ್ಲಿ ‘1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಉತ್ಖನನ ನಡೆಸಿದರು’ ಅಂತ ಒಂದೇ ಸಾಲು ಇದೆ. ಆತ ಲಂಡನ್ನಿನಲ್ಲಿ ಮ್ಯೂಸಿಯಂ ನಡೆಸುತ್ತಿದ್ದವರಂತೆ, ಸೇನೆಯಲ್ಲಿ ಬ್ರಿಗೇಡಿಯರ್ ಅಂತೆ. ಆರ್ಯರು ನುಗ್ಗಿ ಸಿಂಧೂ ನಗರಗಳನ್ನು ನಾಶ ಮಾಡಿದರು ಎಂದದ್ದೂ ಅವರೇ. ಅದು ಈಗ ಬಿದ್ದುಹೋದ ಮಾತು. ಹಾಗಿದ್ದ ಮೇಲೆ ಬ್ರಹ್ಮಗಿರಿಯ ಬಗ್ಗೆ ಅವರು ಹೇಳಿದ್ದನ್ನು ಯಾಕೆ ನಂಬಬೇಕು? ಅವರ ಬರಹ ಓದುವುದಾದರೆ ಎಲ್ಲಿಂದ ಶುರು ಮಾಡಲಿ?)

ಮೇಷ್ಟ್ರೇ,

ನಿಮಗೆ ಸಿಕ್ಕಿರುವ ಮಾಹಿತಿ ಎಲ್ಲವೂ ಸರಿ. ಆ ಮ್ಯೂಸಿಯಂನವರೂ, ಬ್ರಿಗೇಡಿಯರೂ, ಬ್ರಹ್ಮಗಿರಿ ಅಗೆಸಿದವರೂ ಒಬ್ಬರೇ. ತೊಂದರೆ ಇರುವುದೂ ಅಲ್ಲೇ.

ವೀಲರ್ ಹುಟ್ಟಿದ್ದು 1890ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ತಂದೆ ಪತ್ರಕರ್ತರು. ಮೊದಲ ಮಹಾಯುದ್ಧದಲ್ಲಿ ಫಿರಂಗಿ ದಳದಲ್ಲಿದ್ದು ಮಿಲಿಟರಿ ಕ್ರಾಸ್ ಪಡೆದು ಬಂದರು. 1920ರಲ್ಲಿ ಕಾರ್ಡಿಫ್‌ನ ವೇಲ್ಸ್ ರಾಷ್ಟ್ರೀಯ ಮ್ಯೂಸಿಯಂ ಸೇರಿ, 1924ಕ್ಕೆ ಅದರ ನಿರ್ದೇಶಕರಾದರು. ಮ್ಯೂಸಿಯಂ ಕಟ್ಟಡ ದುಡ್ಡಿಲ್ಲದೆ ಅರ್ಧಕ್ಕೇ ನಿಂತಿತ್ತು. ನಿರ್ದೇಶಕರ ಮೊದಲ ಕೆಲಸ ದುಡ್ಡು ಹೊಂದಿಸುವುದೇ ಆಯಿತು. ಈ ಕೆಲಸ ಅವರಿಗೆ ಚೆನ್ನಾಗಿ ಬರುತ್ತಿತ್ತು ಅನ್ನಿ. ಕೇರ್ಲಿಯನ್ ಎಂಬಲ್ಲಿ ರೋಮನ್ನರ ಆಟದ ಬಯಲೊಂದು ಮಣ್ಣಡಿ ಹೂತಿತ್ತು. ಊರವರು ಅದನ್ನು ಆರ್ಥರ್ ರಾಜನ ದುಂಡುಮೇಜು ಅನ್ನುತ್ತಿದ್ದರು. ಆ ಹೆಸರನ್ನೇ ಮುಂದಿಟ್ಟು, ಸುದ್ದಿಯ ಹಕ್ಕನ್ನು ಡೈಲಿ ಮೇಲ್ ಪತ್ರಿಕೆಗೆ ಮಾರಿ, ಅಗೆತಕ್ಕೆ ಬೇಕಾದ ಹಣ ಎತ್ತಿದರು. ಪತ್ರಕರ್ತರ ಮಗ ಅಲ್ವಾ!

1926ರಲ್ಲಿ ಲಂಡನ್ ಮ್ಯೂಸಿಯಂಗೆ ಹೋದರು. ಲ್ಯಾಂಕಾಸ್ಟರ್ ಹೌಸ್ ಎಂಬ ದೊಡ್ಡ ಬಂಗಲೆಯಲ್ಲಿದ್ದ ಆ ಮ್ಯೂಸಿಯಂ ತುಂಬಾ ಸಾಮಾನು ಕಿಕ್ಕಿರಿದಿತ್ತು. ಬೇಡದ್ದನ್ನು ತೆಗೆಸಿ, ಉಳಿದದ್ದನ್ನು ಕಾಲಕ್ಕೆ ತಕ್ಕಂತೆ ಜೋಡಿಸಿ, ಕ್ಯಾಟಲಾಗ್‌ಗಳನ್ನು ಬರೆದರು. ಇದೇನು ಗುಮಾಸ್ತರ ಕೆಲಸ ಅನ್ನಿಸಬಹುದು. ಆದರೆ ಒಂದು ವಸ್ತು ಎಲ್ಲಿಂದ ಬಂತು, ಯಾವುದರ ಜತೆ ಸಿಕ್ಕಿತು ಎಂಬ ಚೀಟಿ ಇಲ್ಲದಿದ್ದರೆ ಅದು ಸುಮ್ನೆ ಒಂದು ಚಂದದ ಸಾಮಾನು, ಅಷ್ಟೇ. ವೀಲರ್ ಇದನ್ನು ಮ್ಯೂಸಿಯಂನಲ್ಲೂ ಪಾಲಿಸಿದರು, ಗುಂಡಿಯಲ್ಲೂ ಪಾಲಿಸಿದರು.

ಇಲ್ಲಿ ಅವರ ಹೆಂಡತಿ ಟೆಸಾ ವೀಲರ್ ಅವರ ಮಾತು ಬರಲೇಬೇಕು. ಕೇರ್ಲಿಯನ್ ಅಗೆತ ಮುಗಿಸಿದ್ದು ಆಕೆ. ಇಂಗ್ಲೆಂಡಿನ ವೆರುಲೇಮಿಯಂ ಎಂಬ ರೋಮನ್ನರ ಪಟ್ಟಣ, ಮೇಡನ್ ಕ್ಯಾಸಲ್ ಎಂಬ ಹಳೆಯ ಗುಡ್ಡದ ಕೋಟೆಗಳ ಅಗೆತದಲ್ಲಿ ದಿನದಿನದ ಕೆಲಸ, ಲೆಕ್ಕ, ವಿದ್ಯಾರ್ಥಿಗಳ ತರಬೇತಿಯನ್ನು ಬಹುಪಾಲು ನೋಡಿಕೊಂಡಿದ್ದೂ ಆಕೆಯೇ. ಪುರಾತತ್ವ ಕಲಿಸುವುದಕ್ಕೇ ಲಂಡನ್ನಿನಲ್ಲಿ ಒಂದು ಸಂಸ್ಥೆ ಬೇಕು ಅಂತ ಇಬ್ಬರೂ ವರ್ಷಗಟ್ಟಲೆ ಓಡಾಡಿದರು. ಅದು 1937ರಲ್ಲಿ ಬಾಗಿಲು ತೆರೆಯಿತು. ಟೆಸಾ 1936ರಲ್ಲೇ ತೀರಿಕೊಂಡಿದ್ದರು. ಹೆಸರು ಉಳಿದದ್ದು ಗಂಡನದು. ಆ ಗಂಡನೋ ಮುಂಗೋಪಿ, ಹೆಣ್ಣುಮಕ್ಕಳ ವಿಷಯದಲ್ಲಿ ನೆಟ್ಟಗಿರಲಿಲ್ಲ. ಇದನ್ನು ಬಿಟ್ಟು ಬರೆದರೆ ಅದು ಬರೀ ಹೊಗಳಿಕೆಯಾಗುತ್ತದೆ.

ಎರಡನೇ ಮಹಾಯುದ್ಧ ಬಂದಾಗ ಮತ್ತೆ ಸೇನೆ ಸೇರಿದರು. ಉತ್ತರ ಆಫ್ರಿಕಾದಲ್ಲಿದ್ದಾಗ ವೈಸ್‌ರಾಯ್ ವೇವೆಲ್ ಕಡೆಯಿಂದ ಕರೆ ಬಂತು. ಸೊರಗಿದ್ದ ಭಾರತದ ಪುರಾತತ್ವ ಇಲಾಖೆಗೆ ಮಹಾನಿರ್ದೇಶಕರು ಬೇಕಾಗಿದ್ದರು. 1944ರಲ್ಲಿ ಬಂದರು, 1948ರಲ್ಲಿ ಹೋದರು. ಇದ್ದದ್ದು ನಾಲ್ಕೇ ವರ್ಷ. ಬಂದ ವರ್ಷವೇ ತಕ್ಷಶಿಲೆಯಲ್ಲಿ ತರಬೇತಿ ಶಾಲೆ ತೆರೆದರು. ಅಲ್ಲಿ ಕಲಿತ ಬಿ.ಬಿ. ಲಾಲ್, ಬಿ.ಕೆ. ಥಾಪರ್ ಮುಂದೆ ಅದೇ ಇಲಾಖೆಯ ಮಹಾನಿರ್ದೇಶಕರಾದರು.

ಬ್ರಹ್ಮಗಿರಿಯ ಕಥೆ ಶುರುವಾಗುವುದು ಮದ್ರಾಸಿನ ಮ್ಯೂಸಿಯಂನಲ್ಲಿ. ಅಲ್ಲಿನ ಬೀರುವೊಂದರಲ್ಲಿ ಅವರ ಕೈಗೆ ಒಂದು ಮಡಕೆಯ ಕುತ್ತಿಗೆ ಸಿಕ್ಕಿತು, ಉದ್ದನೆಯ ಹಿಡಿ ಇದ್ದದ್ದು. ನಮ್ಮ ಕಡೆಯ ಮಡಕೆಗೆ ಅಂಥ ಹಿಡಿ ಇರುವುದಿಲ್ಲ. ಅದು ರೋಮನ್ನರು ದ್ರಾಕ್ಷಾರಸ ತುಂಬಿ ಸಾಗಿಸುತ್ತಿದ್ದ ಜಾಡಿ. ಸಿಕ್ಕಿದ್ದು ಪಾಂಡಿಚೇರಿ ಹತ್ತಿರದ ಅರಿಕಮೇಡಿನಲ್ಲಿ. ಪಾಂಡಿಚೇರಿಗೆ ಹೋಗಿ ನೋಡಿದರೆ, ಫ್ರೆಂಚರು ಕೂಡಿಟ್ಟಿದ್ದ ಚೂರುಗಳಲ್ಲಿ ಇಟಲಿಯ ಅರೆಜ್ಜೊ ಊರಿನ ಕೆಂಪು ತಟ್ಟೆಯ ತುಂಡುಗಳೂ ಇದ್ದವು. ಆ ತಟ್ಟೆ ಯಾವ ಕಾಲದ್ದು ಎಂಬುದು ಯೂರೋಪಿನಲ್ಲಿ ಚೆನ್ನಾಗಿ ಗೊತ್ತಿತ್ತು: ಕ್ರಿಸ್ತಶಕ ಒಂದನೇ ಶತಮಾನದ ಮೊದಲರ್ಧದವರೆಗೆ. 1945ರಲ್ಲಿ ಅಲ್ಲಿ ಅಗೆದಾಗ ಅದೇ ಕಾಲದ ಪದರಗಳಲ್ಲಿ ಇನ್ನೊಂದು ಬಗೆಯ ತಟ್ಟೆಯೂ ಬಂತು. ನುಣುಪು ಮೈ, ಒಳಗೆ ತಳದಲ್ಲಿ ಸುತ್ತಲೂ ಸಣ್ಣ ಚುಕ್ಕೆಗಳ ಸಾಲು. ದಕ್ಷಿಣ ಭಾರತದಲ್ಲಿ ಎಲ್ಲೇ ಆ ಚುಕ್ಕೆತಟ್ಟೆ ಸಿಕ್ಕರೂ ಇನ್ನು ಅದರ ಪದರಕ್ಕೆ ಒಂದು ಕಾಲ ಹೇಳಬಹುದು.

ನಿಮ್ಮ ಜಿಲ್ಲೆಗೆ ಅವರು ಬಂದದ್ದು ಇದೇ ಲೆಕ್ಕ ಹಿಡಿದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು 1892ರಲ್ಲೇ ಬಿ.ಎಲ್. ರೈಸ್ ಗುರುತಿಸಿದ್ದರು. ಮೈಸೂರು ಸಂಸ್ಥಾನದ ಎಂ.ಎಚ್. ಕೃಷ್ಣ ಅವರು ವೀಲರ್‌ಗಿಂತ ಮೊದಲೇ ಅಲ್ಲಿ ಅಗೆದಿದ್ದರು. ಅವರ ಹೆಸರು ಇನ್ನೂ ಜಾಸ್ತಿ ಕೇಳಿಬರಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ವೀಲರ್‌ಗೆ ಸಿಕ್ಕಿದ್ದು ಪದರಗಳ ಸಾಲು. ಎಲ್ಲಕ್ಕಿಂತ ಕೆಳಗೆ ನಯ ಮಾಡಿದ ಕಲ್ಲುಕೊಡಲಿಯ ಜನ. ಅವರ ಮೇಲೆ ಕಬ್ಬಿಣ ಬಳಸುತ್ತಿದ್ದ, ಕಲ್ಲುಚಪ್ಪಡಿಯ ಗೋರಿ ಕಟ್ಟಿದ ಜನ. ನಮ್ಮ ಕಡೆ ಇಂಥ ಗೋರಿಗಳಿಗೆ ಪಾಂಡವರ ಮನೆ, ಮೋರೇರ ಮನೆ ಅನ್ನುತ್ತಾರಲ್ಲ, ಅವೇ. ಎಲ್ಲಕ್ಕಿಂತ ಮೇಲೆ ಶಾತವಾಹನರ ಕಾಲ. ಚುಕ್ಕೆತಟ್ಟೆ ಸಿಕ್ಕಿದ್ದು ಈ ಮೇಲಿನ ಪದರದಲ್ಲಿ.

ಪದರ ಓದುವುದು ಅಂದರೆ ಏನು? ನಿಮ್ಮ ಹಿತ್ತಲಲ್ಲಿ ತೆಂಗಿನ ಸಸಿಗೆ ಮೂರಡಿ ಗುಂಡಿ ತೋಡಿದಿರಿ, ಅದರೊಳಗೆ ಒಂದು ಪ್ಲಾಸ್ಟಿಕ್ ಬಾಟಲಿ ಬಿತ್ತು, ಮಣ್ಣು ಮುಚ್ಚಿದಿರಿ ಅನ್ನಿ. ಮುಂದೆ ಯಾರೋ ಅಗೆದು ‘ಮೂರಡಿ ಆಳದಲ್ಲಿ ಬಾಟಲಿ’ ಅಂತ ಬರೆದುಕೊಂಡರೆ, ಅದೇ ಆಳದಲ್ಲಿ ಪಕ್ಕದಲ್ಲಿರುವ ನಿಮ್ಮ ಮುತ್ತಜ್ಜನ ಕಾಲದ ಮಡಕೆಯೂ ಬಾಟಲಿಯೂ ಒಂದೇ ಕಾಲದವು ಆಗಿಬಿಡುತ್ತವೆ. ಸಿಂಧೂ ನಗರಗಳನ್ನು ಮೊದಲು ಅಗೆದವರು ಹೀಗೇ ಆಳ ಅಳೆದು ಬರೆದಿದ್ದರು. ವೀಲರ್ ಪದ್ಧತಿ ಬೇರೆ. ನೆಲವನ್ನು ಚೌಕಗಳಾಗಿ ಭಾಗ ಮಾಡಿ, ಚೌಕಗಳ ನಡುವೆ ಅಗೆಯದ ಮಣ್ಣಿನ ಗೋಡೆ ಉಳಿಸುತ್ತಿದ್ದರು. ಆ ಗೋಡೆಯ ಮೈಯನ್ನು ನೇರವಾಗಿ ಕೆರೆದು, ಮಣ್ಣಿನ ಬಣ್ಣ ಬದಲಾದಲ್ಲೆಲ್ಲ ಗೆರೆ ಗುರುತಿಸಿ, ಪ್ರತಿ ಪದರಕ್ಕೂ ನಂಬರ್ ಚೀಟಿ ಚುಚ್ಚುತ್ತಿದ್ದರು. ತೆಂಗಿನ ಗುಂಡಿ ಆ ಗೋಡೆಯಲ್ಲಿ ಎದ್ದು ಕಾಣುತ್ತದೆ.

ಇನ್ನು ಆರ್ಯರ ವಿಷಯ. 1946ರಲ್ಲಿ ಹರಪ್ಪದಲ್ಲಿ ಅವರಿಗೆ ದೊಡ್ಡ ಕೋಟೆಗೋಡೆ ಸಿಕ್ಕಿತು. ಋಗ್ವೇದದ ಇಂದ್ರ ಪುರಂದರ, ಕೋಟೆ ಒಡೆಯುವವನು. ಮೊಹೆಂಜೊದಾರೊದಲ್ಲಿ ಅಲ್ಲಲ್ಲಿ ಬಿದ್ದಿದ್ದ ಅಸ್ಥಿಪಂಜರಗಳು ಆಗಲೇ ಸಿಕ್ಕಿದ್ದವು. ಮೂರನ್ನೂ ಸೇರಿಸಿ, ನಗರದ ನಾಶಕ್ಕೆ ಇಂದ್ರನೇ ಆರೋಪಿ ಎಂಬಂತೆ ಬರೆದುಬಿಟ್ಟರು. ಮಾತು ಚಂದ ಇತ್ತು, ಪಠ್ಯಪುಸ್ತಕಗಳಿಗೆ ಹೋಯಿತು.

ಆದರೆ ಆ ಅಸ್ಥಿಪಂಜರಗಳನ್ನು ತೆಗೆದದ್ದು ವೀಲರ್ ಅಲ್ಲ. ಅವರು ಬರುವ ಮೊದಲೇ, ಅವರೇ ಬೈಯುತ್ತಿದ್ದ ಆಳ ಅಳೆಯುವ ಪದ್ಧತಿಯಲ್ಲಿ ತೆಗೆದವು. ಯಾವ ಪದರ ಎಂಬ ಲೆಕ್ಕ ಸರಿಯಾಗಿ ಇರಲಿಲ್ಲ. ಬೇರೆಯವರು ಹೀಗೆ ಮಾಡಿದ್ದರೆ ಅವರನ್ನು ಹರಿದು ಹಾಕುತ್ತಿದ್ದ ಮನುಷ್ಯ, ತನಗೆ ಬೇಕಾದಾಗ ಚೀಟಿ ಇಲ್ಲದ ಸಾಕ್ಷಿಯನ್ನೇ ಎತ್ತಿಕೊಂಡರು. 1964ರಲ್ಲಿ ಅಮೆರಿಕದ ಜಾರ್ಜ್ ಡೇಲ್ಸ್ ಇದನ್ನು ಬಿಚ್ಚಿಟ್ಟರು: ಎಲ್ಲರೂ ಒಂದೇ ಕಾಲದಲ್ಲಿ ಸತ್ತವರಲ್ಲ, ಯುದ್ಧದ ಕುರುಹೂ ಇಲ್ಲ. ಮೇಡನ್ ಕ್ಯಾಸಲ್‌ನಲ್ಲೂ ರೋಮನ್ ಸೇನೆಯ ಮುತ್ತಿಗೆಯನ್ನು ರೋಚಕವಾಗಿ ವರ್ಣಿಸಿದ್ದರು. ಆ ಕಥೆಯನ್ನೂ ಈಗ ಪೂರ್ತಿ ಒಪ್ಪುವುದಿಲ್ಲ. ಎರಡು ಮಹಾಯುದ್ಧ ಕಂಡವರಿಗೆ ಎಲುಬು ಕಂಡ ಕಡೆಯೆಲ್ಲ ಕದನವೇ ಕಂಡಿತೇನೋ.

ಬ್ರಹ್ಮಗಿರಿಯಲ್ಲೂ ಅವರ ಇಸವಿಗಳು ನಿಲ್ಲಲಿಲ್ಲ. ಕಲ್ಲುಕೊಡಲಿ ಜನ ಕ್ರಿಸ್ತಪೂರ್ವ ಮೊದಲ ಸಹಸ್ರಮಾನದವರು, ಗೋರಿಯ ಜನ ಬಂದದ್ದು ಸುಮಾರು ಕ್ರಿಸ್ತಪೂರ್ವ 200ರಲ್ಲಿ ಎಂದಿದ್ದರು. ಮುಂದೆ ಹಳೆಯ ಇದ್ದಿಲು, ಎಲುಬುಗಳ ವಯಸ್ಸು ಹೇಳುವ ಇಂಗಾಲದ ಪರೀಕ್ಷೆ ಬಂದ ಮೇಲೆ, ದಕ್ಷಿಣದ ಕಲ್ಲುಕೊಡಲಿ ಜನ ಕ್ರಿಸ್ತಪೂರ್ವ 2000ಕ್ಕೂ ಹಿಂದಕ್ಕೆ ಹೋದರು. ನಮ್ಮ ಪುರಾತತ್ವಜ್ಞ ಎಂ.ಎಸ್. ನಾಗರಾಜರಾವ್ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಅಗೆದಾಗ ಕಬ್ಬಿಣವೇ ಸುಮಾರು ಕ್ರಿಸ್ತಪೂರ್ವ 1000ಕ್ಕೆ ಹೋಯಿತು. ಆದರೆ ಯಾರ ಮೇಲೆ ಯಾರು ಎಂಬ ಸಾಲು ಕದಲಲಿಲ್ಲ. ಅದು ಮಣ್ಣಿನ ಗೋಡೆಯಲ್ಲಿ ಕಂಡದ್ದು.

ಊರಿಗೆ ಮರಳಿದ ಮೇಲೆ ಅವರು ಟಿ.ವಿ.ಯಲ್ಲಿ ಮೀಸೆ ತಿರುವುತ್ತಾ, ಮ್ಯೂಸಿಯಂ ವಸ್ತುಗಳನ್ನು ನೋಡಿ ಇದೇನು ಅಂತ ಗುರುತಿಸುವ ಆಟ ಆಡಿ 1954ರಲ್ಲಿ ವರ್ಷದ ಟಿ.ವಿ. ವ್ಯಕ್ತಿಯೂ ಆದರು. 1976ರಲ್ಲಿ ತೀರಿಕೊಂಡರು.

ಎಲ್ಲಿಂದ ಓದಲಿ ಅಂದಿರಲ್ಲ. ಆತ್ಮಕಥೆಯಿಂದ ಬೇಡ. ಓದಲು ಮಜವಾಗಿದೆ, ಆದರೆ ಅದರಲ್ಲಿ ಎಲ್ಲ ಕಡೆ ಗೆಲ್ಲುವವರು ಅವರೇ. ಇಲಾಖೆಗಾಗಿ ಅವರು ಶುರು ಮಾಡಿದ ‘ಏನ್ಷಿಯಂಟ್ ಇಂಡಿಯಾ’ ಪತ್ರಿಕೆಯ ನಾಲ್ಕನೇ ಸಂಚಿಕೆಯಲ್ಲಿ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಯ ವರದಿ ಇದೆ. ಇಂಟರ್‌ನೆಟ್‌ನಲ್ಲಿ ಸಿಗುತ್ತದೆ. ಮೊದಲು ಮಣ್ಣಿನ ಗೋಡೆಯ ಚಿತ್ರಗಳನ್ನು ನೋಡಿ, ಆಮೇಲೆ ಮಡಕೆಗಳ ಪಟ್ಟಿ. ಇಸವಿಗಳು ಬಂದಾಗ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿಕೊಳ್ಳಿ.

– ಸಂ.