ನಾನ್-ಲೀಗ್ ಫುಟ್‌ಬಾಲ್ ಆಡುವವರಿಂದ ಊರಿಗೆ ಏನು ಉಪಯೋಗ? ಅಲ್ಲಿಂದ ಇಂಗ್ಲೆಂಡಿನ ಅತಿ ಮೇಲಿನ ಡಿವಿಷನ್ ಆದ ಪ್ರೀಮಿಯರ್ ಲೀಗ್‌ವರೆಗೆ ಏರಿದ ಸ್ಟ್ರೈಕರ್ ಜೇಮೀ ವಾರ್ಡಿಗೆ ಬರೀ ಅದೃಷ್ಟ ಒಲಿಯಿತಾ?

ಅದೃಷ್ಟ ಇತ್ತು, ಇಲ್ಲ ಅನ್ನಲ್ಲ. ಆದರೆ ಅದು ಬಾಗಿಲು ತಟ್ಟುವವರೆಗೂ ವಾರ್ಡಿಯನ್ನು ಕೈಬಿಡದೆ ಇಟ್ಟುಕೊಂಡಿದ್ದು ಒಂದು ಪುಟ್ಟ ಊರಿನ ಕ್ಲಬ್. ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾಗುವುದೇ ಅದು.

ಇಂಗ್ಲೆಂಡಿನಲ್ಲಿ ಮೇಲಿನ ನಾಲ್ಕು ಡಿವಿಷನ್‌ಗಳಲ್ಲಿ 92 ಕ್ಲಬ್‌ಗಳಿವೆ. ಅದರ ಕೆಳಗಿನದ್ದೆಲ್ಲ ನಾನ್-ಲೀಗ್. ಅಲ್ಲಿ ಎಷ್ಟೋ ಜನ ವಾರವಿಡೀ ಬೇರೆ ಕೆಲಸ ಮಾಡಿ ಶನಿವಾರ ಮ್ಯಾಚ್ ಆಡುತ್ತಾರೆ.

ವಾರ್ಡಿ ಹುಟ್ಟಿದ್ದು 1987ರಲ್ಲಿ, ಶೆಫೀಲ್ಡ್‌ನಲ್ಲಿ. ಹದಿಹರೆಯದಲ್ಲೇ ಶೆಫೀಲ್ಡ್ ವೆನ್ಸ್‌ಡೇ ಕ್ಲಬ್ ‘ನೀನು ಬೇಡ’ ಅಂತ ಕಳಿಸಿತು. ಆಮೇಲೆ ಸೇರಿದ್ದು ಸ್ಟಾಕ್ಸ್‌ಬ್ರಿಜ್ ಪಾರ್ಕ್ ಸ್ಟೀಲ್ಸ್. ಹೆಸರೇ ಹೇಳುತ್ತದೆ, ಅದು ಉಕ್ಕಿನ ಕಾರ್ಖಾನೆಯ ಊರು. ಕಾರ್ಖಾನೆಯವರ ತಂಡ ಮತ್ತು ಇನ್ನೊಂದು ಸ್ಥಳೀಯ ತಂಡ ಸೇರಿ 1986ರಲ್ಲಿ ಆದ ಕ್ಲಬ್ ಅದು. ಅಲ್ಲಿ ಸಿಗುತ್ತಿದ್ದದ್ದು ವಾರಕ್ಕೆ 30 ಪೌಂಡ್. ಹೊಟ್ಟೆಪಾಡಿಗೆ ಸ್ಪ್ಲಿಂಟ್ (ಕೈಕಾಲಿಗೆ ಆಧಾರವಾಗಿ ಕಟ್ಟುವ ಪಟ್ಟಿ) ತಯಾರಿಸುವ ಕಾರ್ಖಾನೆಯಲ್ಲಿ ದುಡಿಮೆ.

2007ರಲ್ಲಿ ಒಂದು ಹೊಡೆದಾಟದ ಕೇಸಿನಲ್ಲಿ ಶಿಕ್ಷೆಯಾಯಿತು. ಕಿವಿ ಕೇಳಿಸದ ಗೆಳೆಯನನ್ನು ಯಾರೋ ಗೇಲಿ ಮಾಡಿದ್ದಕ್ಕೆ ಜಗಳವಾಯಿತು ಅಂತ ವಾರ್ಡಿ ಹೇಳಿದ್ದಾರೆ. ಆರು ತಿಂಗಳು ಕಾಲಿಗೆ ಎಲೆಕ್ಟ್ರಾನಿಕ್ ಟ್ಯಾಗ್. ಸಂಜೆ 6 ಗಂಟೆಯೊಳಗೆ ಮನೆಯಲ್ಲಿರಬೇಕು. ದೂರದ ಊರಿನಲ್ಲಿ ಮ್ಯಾಚ್ ಇದ್ದರೆ ಸುಮಾರು ಒಂದು ಗಂಟೆ ಆಡಿ ಮೈದಾನ ಬಿಡಬೇಕಿತ್ತು. ಅಪ್ಪ ಅಮ್ಮ ಕಾರಿನಲ್ಲಿ ಕಾಯುತ್ತಿದ್ದರು. ನೀವೇ ಯೋಚಿಸಿ, ಪೂರ್ತಿ ಮ್ಯಾಚ್ ಆಡಲಾಗದ ಸ್ಟ್ರೈಕರ್‌ನನ್ನು ಯಾವ ಕೋಚ್ ಇಟ್ಟುಕೊಳ್ಳುತ್ತಾರೆ? ಇವರು ಇಟ್ಟುಕೊಂಡರು. ಊರಿಗೆ ಏನು ಉಪಯೋಗ ಅಂದಿರಲ್ವಾ? ದಾರಿ ತಪ್ಪಬಹುದಾಗಿದ್ದ ಹುಡುಗನಿಗೆ ಪ್ರತಿ ಶನಿವಾರ ಹೋಗಲು ಒಂದು ಜಾಗ, ‘ಬಂದಿಲ್ವಲ್ಲ’ ಅಂತ ಕೇಳುವ ಹತ್ತು ಜನ. ಇದಕ್ಕಿಂತ ದೊಡ್ಡ ಉಪಯೋಗ ನನಗಂತೂ ಕಾಣಲ್ಲ.

ಮುಂದಿನದು ನಿಮಗೆ ಗೊತ್ತಿರಬಹುದು. 2010ರಲ್ಲಿ ಹ್ಯಾಲಿಫ್ಯಾಕ್ಸ್ ಕ್ಲಬ್, ಮರುವರ್ಷ ಫ್ಲೀಟ್‌ವುಡ್ ಕ್ಲಬ್. ಅಲ್ಲಿ ಒಂದೇ ಸೀಸನ್‌ನಲ್ಲಿ 31 ಲೀಗ್ ಗೋಲು ಹೊಡೆದರು, ತಂಡ ಚಾಂಪಿಯನ್ ಆಯಿತು. 2012ರಲ್ಲಿ ಲೆಸ್ಟರ್ ಕ್ಲಬ್ 10 ಲಕ್ಷ ಪೌಂಡ್ ಕೊಟ್ಟು ಕೊಂಡಿತು. ನಾನ್-ಲೀಗ್ ಆಟಗಾರನಿಗೆ ಅದು ಆಗ ದಾಖಲೆ ಬೆಲೆ. 2015ರಲ್ಲಿ ಸತತ 11 ಪ್ರೀಮಿಯರ್ ಲೀಗ್ ಪಂದ್ಯಗಳಲ್ಲಿ ಗೋಲು, ಆ ಸೀಸನ್ನಿನ ಕೊನೆಗೆ ಲೆಸ್ಟರ್‌ಗೆ ಲೀಗ್ ಪ್ರಶಸ್ತಿ.

ಇಷ್ಟಾದ ಮೇಲೆ ವಾರ್ಡಿ ಸುಮ್ನೆ ಕೂರಲಿಲ್ಲ. 2016ರಲ್ಲಿ ವಿ9 ಅಕಾಡೆಮಿ ಶುರು ಮಾಡಿದರು. ಕೆಳಗಿನ ಹಂತದಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿದವರನ್ನು ಒಂದು ವಾರದ ಶಿಬಿರಕ್ಕೆ ಕರೆದು, ವೃತ್ತಿಪರ ಕ್ಲಬ್‌ಗಳಿಗೆ ಆಟಗಾರರನ್ನು ಹುಡುಕುವ ಸ್ಕೌಟ್‌ಗಳ ಎದುರು ಆಡಿಸುವುದು ಇದರ ಕೆಲಸವಾಗಿತ್ತು. ಎಳೆಯ ಹುಡುಗರಿಗೆ ಅಕಾಡೆಮಿಗಳು ಬೇಕಾದಷ್ಟಿವೆ. ಇಪ್ಪತ್ತು ದಾಟಿದವರನ್ನು ಕೇಳುವವರೇ ಇರಲಿಲ್ಲ, ಅದಕ್ಕೇ ನನಗೆ ಇದು ಜಾಸ್ತಿ ಮುಖ್ಯ ಅನ್ನಿಸುತ್ತದೆ. 2017ರ ಮೊದಲ ಶಿಬಿರದಲ್ಲಿದ್ದ ಟ್ಯಾಮ್‌ವರ್ತ್‌ನ ಡ್ಯಾನಿ ನ್ಯೂಟನ್‌ಗೆ ಆಗ 26 ವರ್ಷ. ಅವರನ್ನು ಸ್ಟೀವನೇಜ್ ಕ್ಲಬ್ ಸೇರಿಸಿಕೊಂಡಿತು, 92ರೊಳಗಿನ ಕ್ಲಬ್ ಅದು.