ಬಾಂಗ್ಲಾ ಕೊಳ್ಳುತ್ತದೆ ಎಂದು ಈರುಳ್ಳಿ ಹೆಚ್ಚಿಸಬೇಕೇ?

ಚಳ್ಳಕೆರೆಯ ಗೆಳೆಯರು ಕೇಳಿದ್ದಾರೆ: ಬಾಂಗ್ಲಾದೇಶ ಮತ್ತೆ ಈರುಳ್ಳಿ ತರಿಸಿಕೊಳ್ಳುತ್ತದಂತೆ, ಈ ಮುಂಗಾರಿಗೆ ಇನ್ನೆರಡು ಎಕರೆ ಬಿತ್ತಲೇ? ಆ ಸುದ್ದಿಯೊಂದನ್ನೇ ನಂಬಿ ಬಿತ್ತಬೇಡಿ ಸ್ವಾಮಿ.

ತಿಂಗಳುಗಳನ್ನು ನೋಡಿ. ಅವರ ಮುಖ್ಯ ಬೆಳೆ ಮಾರ್ಚ್–ಏಪ್ರಿಲ್‌ನದು. ದಾಸ್ತಾನು ಕರಗಿ ಅವರು ನಮ್ಮತ್ತ ತಿರುಗುವ ಹೊತ್ತಿಗೆ, ಅಂದರೆ ಸೆಪ್ಟೆಂಬರ್‌ನಿಂದಾಚೆಗೆ, ನಿಮ್ಮ ಗಡ್ಡೆ ಮಂಡಿಗೆ ಬರುತ್ತದೆ. ಕೇಳಲು ಸೊಗಸು. ಆದರೆ ನಾಸಿಕದ ಹಿಂಗಾರು ದಾಸ್ತಾನು ಮುಗಿಯುವುದೂ ಆಗಲೇ. ಪೇಟೆಯಲ್ಲಿ ದರ ಏರಿತೆಂದರೆ ದೆಹಲಿ ಬಾಗಿಲು ಹಾಕುತ್ತದೆ. 2019ರ ಸೆಪ್ಟೆಂಬರ್ 29ರಂದು ರಫ್ತು ನಿಷೇಧ, 2020ರ ಸೆಪ್ಟೆಂಬರ್ 14ರಂದು ಇನ್ನೊಂದು. 2023ರ ಆಗಸ್ಟ್‌ನಲ್ಲಿ ಶೇ 40 ಸುಂಕ, ಡಿಸೆಂಬರ್‌ನಲ್ಲಿ ಪೂರ್ತಿ ನಿಷೇಧ.

2020ರಲ್ಲಿ ಪಶ್ಚಿಮ ಬಂಗಾಳ–ಬಾಂಗ್ಲಾ ನಡುವಿನ ಪೆಟ್ರಾಪೋಲ್ ಗಡಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತವು. ಟಾರ್ಪಾಲಿನ್ ಕೆಳಗೆ ಕಾವೇರಿದರೆ ಅಡಿ ಚೀಲದ ಗಡ್ಡೆ ಮೊದಲು ನೀರೊಡೆಯುತ್ತದೆ, ಆ ರಸ ತಾಗಿದ ಪಕ್ಕದ ಚೀಲವೂ ಹೋಯಿತು. ಢಾಕಾದವರು ಬೇಸರಪಟ್ಟುಕೊಂಡು ಸುಮ್ಮನಾಗಲಿಲ್ಲ. ಟರ್ಕಿ, ಈಜಿಪ್ಟ್, ಮ್ಯಾನ್ಮಾರ್‌ಗಳಿಂದ ತರಿಸಿಕೊಂಡರು. ತಮ್ಮ ರೈತರಿಗೆ ದರ ಸಿಗಲೆಂದು 2023ರ ಮಾರ್ಚ್ ಮಧ್ಯದಿಂದ ಜೂನ್ ಆರಂಭದವರೆಗೆ ಆಮದು ಪರವಾನಗಿಯನ್ನೇ ನಿಲ್ಲಿಸಿದರು. ಅವರನ್ನು ದೂರಿ ಫಲವಿಲ್ಲ, ನಾವೂ ಅದನ್ನೇ ಕೇಳುತ್ತೇವೆ.

‘ನನ್ನ ಮಾಲು ಬೆಂಗಳೂರು ದಾಟುವುದೇ ಇಲ್ಲ, ನನಗೇನು?’ ಎಂದು ಇನ್ನೊಬ್ಬರು ಬರೆದಿದ್ದಾರೆ. ಗಡಿಯಲ್ಲಿ ತಡೆದ ಮಹಾರಾಷ್ಟ್ರದ ಮಾಲು ಕಡಲಿಗೆ ಬೀಳುವುದಿಲ್ಲ, ಯಶವಂತಪುರಕ್ಕೂ ಬರುತ್ತದೆ. ಅದು ಒಣಗಿದ, ತಾಳುವ ಗಡ್ಡೆಯಾದರೆ ನಿಮ್ಮದು ಮಳೆ ನೀರು ಕುಡಿದ ಮುಂಗಾರಿನದು. ಮೊದಲು ದರ ಕಳೆದುಕೊಳ್ಳುವವರು ನೀವೇ. ಚಿಕ್ಕಬಳ್ಳಾಪುರ, ಕೋಲಾರದ ಗುಲಾಬಿ ಈರುಳ್ಳಿಯವರ ಪಾಡು ಇನ್ನೂ ಕಷ್ಟ: ಅದು ಮಲೇಷ್ಯಾ, ಸಿಂಗಪುರಕ್ಕೆಂದೇ ಬೆಳೆಯುವ ಬೆಳೆ, ಇಲ್ಲಿ ಕೇಳುವವರು ಕಡಿಮೆ. ಪೇಟೆ ದರದ ಜಗಳ ಅವರದಲ್ಲ, ಆದರೂ 2020ರ ನಿಷೇಧ ಅವರನ್ನೂ ಕಟ್ಟಿಹಾಕಿತು. ಅಕ್ಟೋಬರ್‌ನಲ್ಲಿ ಚೆನ್ನೈ ಬಂದರಿನ ಮೂಲಕ 10,000 ಟನ್‌ಗೆ ವಿನಾಯಿತಿ ಸಿಕ್ಕಿತು, ಅಷ್ಟೆ.

2025ರ ಏಪ್ರಿಲ್ 1ರಿಂದ ರಫ್ತು ಸುಂಕವೇನೋ ಹೋಗಿದೆ. ಆದರೆ ಅದು ಮರಳಲು ಒಂದು ರಾತ್ರಿಯ ಅಧಿಸೂಚನೆ ಸಾಕು. ಆದ್ದರಿಂದ ಇರುವ ಜಮೀನಿನಲ್ಲೇ ಬಿತ್ತನೆಯನ್ನು ಎರಡು ಕಂತು ಮಾಡಿ, ಮಧ್ಯೆ ಮೂರು ವಾರ ಬಿಡಿ. ಎಲ್ಲ ಗಡ್ಡೆ ಒಂದೇ ವಾರ ಕಿತ್ತು ಬಂದ ದರಕ್ಕೆ ಕೊಡುವುದು ತಪ್ಪುತ್ತದೆ. ಹೆಚ್ಚಿನ ಎರಡು ಎಕರೆಗೆ ಶೇಂಗಾ ನೋಡಿ. ವ್ಯಾಪಾರಿ ಮುಂಗಡ ಕೊಟ್ಟು ದರವನ್ನು ಬರೆದುಕೊಟ್ಟರೆ ಮಾತು ಬೇರೆ, ಆಗ ಈರುಳ್ಳಿ ಒಂದು ಎಕರೆ ಹಾಕಿ. ಎರಡು ಬೇಡ.