ಏರಿ ಹಿಂಬದಿಯ ಜಿನುಗಿಗೆ ಜೇಡಿಮಣ್ಣು ಮೆತ್ತಬೇಡಿ

ಕೆರೆ ಏರಿಯ ಹಿಂಬದಿ ಬುಡ ಒದ್ದೆಯಾಗಿದೆ, ಜೇಡಿಮಣ್ಣು ಬಡಿದು, ಮೇಲೆ 1 ಮೀಟರ್ ಎತ್ತರಿಸಿದರೆ ಸಾಕೇ ಅಂತ ಕೇಳಿದ್ದೀರಿ. ನಮ್ಮ ಕೆರೆಗೆ ಮಾಡಿದ್ದೂ ಇದೇ. ಬೇಸಿಗೆಯಲ್ಲಿ ಬುಡಕ್ಕೆ ಜೇಡಿ ಮೆತ್ತಿದೆವು, ಜಿನುಗು ನಿಂತಿತು. ಮಳೆಗಾಲದಲ್ಲಿ ಕೆರೆ ಕೋಡಿ ಬಿದ್ದ ಮೂರನೇ ದಿನ ಹಿಂಬದಿ ಇಳಿಜಾರಿನ ನಡುವೆ ಹೊಸ ಒರತೆ ಎದ್ದಿತು. ಐದನೇ ದಿನ 12 ಮೀಟರ್ ಉದ್ದಕ್ಕೆ ಮಣ್ಣು ಜಾರಿ ಕೂತಿತು. ತೂಬು ಎತ್ತಿ ನೀರಿಳಿಸಿದ್ದಕ್ಕೆ ಏರಿ ಒಡೆಯಲಿಲ್ಲ.

ಯಾಕೆ ಹೀಗಾಯಿತು ಅಂದರೆ, ಮಣ್ಣಿನ ಏರಿ ಎಷ್ಟೇ ಗಟ್ಟಿಯಿದ್ದರೂ ಒಳಗೆ ನೀರು ಇಂಗುತ್ತಲೇ ಇರುತ್ತದೆ. ಬುಡದ ಒದ್ದೆ ಅಂದರೆ ಆ ನೀರು ಹೊರಬರುವ ದಾರಿ. ಅದನ್ನೇ ಮುಚ್ಚಿದೆವು. ನೀರು ಏರಿಯೊಳಗೇ ಮೇಲೇರಿತು, ಒಣಗಿರಬೇಕಿದ್ದ ಮಣ್ಣು ನೆನೆದು ತೂಕ ಹೆಚ್ಚಿತು, ಹಿಡಿತ ಸಡಿಲಾಯಿತು. ಜೇಡಿ ಹಾಕುವುದಾದರೆ ನೀರು ನಿಲ್ಲುವ ಒಳಬದಿಗೆ ಹಾಕಬೇಕು. ಹೊರಬದಿಗೆ ಬೇಕಾದ್ದು ನೀರು ಬಿಟ್ಟು ಮಣ್ಣು ಹಿಡಿಯುವ ಪದರ.

ಆಮೇಲೆ ಜೇಡಿಯನ್ನೆಲ್ಲ ಕಿತ್ತು, ಮಣ್ಣಿನ ಮೇಲೆ 30 ಸೆಂ.ಮೀ. ದಪ್ಪಕ್ಕೆ ದಪ್ಪ ಹರಳಿನ ಮರಳು, ಅದರ ಮೇಲೆ ಅಷ್ಟೇ ದಪ್ಪಕ್ಕೆ 10–20 ಮಿ.ಮೀ. ಜಲ್ಲಿ, ಕೊನೆಗೆ ಸೈಜುಗಲ್ಲು ಹಾಕಿದೆವು. ಈ ಕ್ರಮ ಬದಲಿಸಬೇಡಿ. ಮಣ್ಣಿನ ಮೇಲೆ ನೇರವಾಗಿ ಜಲ್ಲಿ ಸುರಿದರೆ ಸಂದಿಯಲ್ಲಿ ಮಣ್ಣು ಕೊಚ್ಚಿಹೋಗಿ ಏರಿಯೊಳಗೆ ಬಿಲ ಕೊರೆಯುತ್ತದೆ. ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತೆಗೆದ ಮರಳು) ಆದರೆ ತೊಳೆದೇ ಹಾಕಿ, ಪುಡಿ ಉಳಿದರೆ ಪದರದ ಸಂದಿ ಮುಚ್ಚಿ ನೀರು ಬಸಿಯುವುದಿಲ್ಲ. ಬಸಿದ ನೀರನ್ನು ಒಂದು ಕಾಲುವೆಗೆ ಸೇರಿಸಿ, ಹರಿವು ಅಳೆಯಲು 90 ಡಿಗ್ರಿ ‘ವಿ’ ಕಚ್ಚು ಮಾಡಿದ ತಗಡು ನಿಲ್ಲಿಸಿ. ಕಚ್ಚಿನಲ್ಲಿ ನೀರು 5 ಸೆಂ.ಮೀ. ಎತ್ತರ ಹರಿದರೆ ಸೆಕೆಂಡಿಗೆ ಸುಮಾರು ಮುಕ್ಕಾಲು ಲೀಟರ್, 10 ಸೆಂ.ಮೀ. ಆದರೆ ನಾಲ್ಕು ಲೀಟರಿಗೂ ಹೆಚ್ಚು. ತಿಳಿನೀರು ಬರುತ್ತಿದ್ದರೆ ವಾರಕ್ಕೊಮ್ಮೆ ಬರೆದಿಡಿ. ಕದಡಿದ ನೀರು ಕಂಡರೆ ಮಣ್ಣು ಹೊರಟಿದೆ ಎಂದೇ ಅರ್ಥ, ಅವತ್ತೇ ಕೆರೆ ನೀರು ಇಳಿಸಲು ಶುರುಮಾಡಿ.

ಏರಿ ಮೇಲಿನ ಜಾಲಿ ಮರಗಳನ್ನು ಬರೀ ಕಡಿದು ಬಿಡಬೇಡಿ, ಬೇರು ಕೊಳೆತ ಜಾಗ ಕೊಳವೆಯಾಗುತ್ತದೆ. ನೀರು ಕಡಿಮೆಯಿದ್ದಾಗ ಬೊಡ್ಡೆ ಸಮೇತ ಅಗೆದು, 15 ಸೆಂ.ಮೀ. ಪದರದಲ್ಲಿ ಹದವಾದ ಮಣ್ಣು ತುಂಬಿ ದಿಮ್ಮಿಸಿ. ಹದ ಅಂದರೆ ಹಿಡಿಯಲ್ಲಿ ಅಮುಕಿದರೆ ಉಂಡೆ ಕಟ್ಟಬೇಕು, ಕೈಗೆ ನೀರು ಹತ್ತಬಾರದು.

ಇನ್ನು ಎತ್ತರಿಸುವ ಮಾತು. ಅದು ಬೇಡವೇ ಬೇಡ ಅನ್ನುತ್ತೇನೆ. ಒಳಬದಿ ಇಳಿಜಾರು ಎರಡೂವರೆಗೆ ಒಂದು (ಅಡ್ಡಕ್ಕೆ ಎರಡೂವರೆ ಮೀಟರ್ ಹೋದರೆ ಎತ್ತರ ಒಂದು ಮೀಟರ್), ಹೊರಬದಿ ಎರಡಕ್ಕೆ ಒಂದು ಇದ್ದರೆ, 1 ಮೀಟರ್ ಎತ್ತರಿಸಲು ಏರಿಯುದ್ದಕ್ಕೂ ಬುಡ ನಾಲ್ಕೂವರೆ ಮೀಟರ್ ಅಗಲವಾಗಬೇಕು. ನೆತ್ತಿಗಷ್ಟೇ ಮಣ್ಣು ಪೇರಿಸಿದರೆ ಜಾರುತ್ತದೆ. ಆ ದುಡ್ಡನ್ನು ಕೋಡಿಗೆ ಹಾಕಿ. ಹೆಚ್ಚು ನೀರು ನಿಲ್ಲಲಿ ಅಂತ ಕೋಡಿ ಮೇಲೆ ಮರಳುಚೀಲ ಇಟ್ಟಿದ್ದರೆ ತೆಗೆಸಿ, ಕೋಡಿ ಮುಂದಿನ ಹಳ್ಳದ ಜೊಂಡು, ಒತ್ತುವರಿ ಬಿಡಿಸಿ. ಹಾಗೇ ಗಾರೆ ಕೆಲಸದವರ ಲೆವೆಲ್ ಪೈಪು ಹಿಡಿದು ಏರಿಯುದ್ದಕ್ಕೂ ಮಟ್ಟ ನೋಡಿ. ಗಾಡಿ ಹತ್ತಿಳಿಯುವ ಕಡೆ ಸವೆದು ತಗ್ಗಾಗಿರುತ್ತದೆ, ನೆರೆ ನೀರು ಮೊದಲು ಉಕ್ಕುವುದು ಅಲ್ಲೇ. ಮಣ್ಣು ಬೇಕಿರುವುದು ಆ ತಗ್ಗಿಗೆ ಮಾತ್ರ.